ಇಂಗ್ಲಿಷಿನಲ್ಲಿ ರದ್ದು ಮಾಡುವುದು, ಮುಂದೂಡುವುದು, ‘ಬರೋಕಾಗಲ್ಲ’ ಅನ್ನುವುದು: ಹಂತ ಹಂತವಾಗಿ

‘ಕ್ಯಾನ್ಸಲ್ ಅನ್ನಬೇಕಾ, ಕಾಲ್ ಆಫ್ ಅನ್ನಬೇಕಾ?’ ‘ಮೀಟಿಂಗ್ ಮುಂದಕ್ಕೆ ಹಾಕಿ ಅಂತ ಬರೆದರೆ ಅವರು ಬೇಗ ಮಾಡೋಣ ಅಂತ ತಿಳ್ಕೊಂಡರು, ಯಾಕೆ?’ ‘ಪ್ರೀಪೋನ್ ಅನ್ನೋ ಪದ ಸರಿನಾ, ತಪ್ಪಾ?’ ಆಫೀಸಿನ ಇಂಗ್ಲಿಷ್ ಬಗ್ಗೆ ಏನೇ ಬರೆದರೂ ಕೊನೆಗೆ ಬರುವ ಪ್ರಶ್ನೆಗಳು ಇವೇ. ಕೇಳುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ, ಈಗ ದಿನವಿಡೀ ಇಂಗ್ಲಿಷಿನಲ್ಲಿ ಮೇಲ್ ಬರೆಯುವವರು. ಅವರಿಗಾಗಿಯೇ ಈ ಲೇಖನ.

ಪದಗಳು ನಿಮಗೆ ಗೊತ್ತೇ ಇವೆ. ತೊಡಕು ಬರುವುದು ಬೇರೆ ಕಡೆ. ದಿನನಿತ್ಯದ ಕನ್ನಡದಲ್ಲಿ ‘ಕ್ಯಾನ್ಸಲ್’ ಅನ್ನುವ ಒಂದೇ ಮಾತಿನೊಳಗೆ ನಾವು ಮೂರು ಸಂಗತಿ ತುಂಬಿಬಿಡುತ್ತೇವೆ. ಕಾರ್ಯಕ್ರಮ ಪೂರ್ತಿ ನಿಂತುಹೋದರೂ ಕ್ಯಾನ್ಸಲ್, ದಿನ ಬದಲಾದರೂ ಕ್ಯಾನ್ಸಲ್, ನಾನೊಬ್ಬನೇ ಹೋಗದಿದ್ದರೂ ಕ್ಯಾನ್ಸಲ್. ಎದುರಿಗಿರುವವರು ನಮ್ಮವರೇ ಆದರೆ ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಲಂಡನ್ನಿನಲ್ಲೋ ಡಲ್ಲಾಸಿನಲ್ಲೋ ಕೂತು ನಿಮ್ಮ ಎರಡು ಸಾಲನ್ನು ಮಾತ್ರ ಓದುವವರು ಏನು ಮಾಡಬೇಕು? ಅವರು ತಮ್ಮ ದಿನವನ್ನು ನಿಮಗಾಗಿ ಎತ್ತಿಟ್ಟಿರುತ್ತಾರೆ. ಅದು ಪೂರ್ತಿ ಬಿಡುವಾಯಿತೋ, ಬೇರೆ ದಿನಕ್ಕೆ ಹೋಯಿತೋ, ನೀವಿಲ್ಲದೆ ನಡೆಯುತ್ತದೋ ಎಂಬುದು ಅವರಿಗೆ ಮೊದಲ ಸಾಲಿನಲ್ಲೇ ತಿಳಿಯಬೇಕು.

ಇಂಗ್ಲಿಷ್ ವಾಕ್ಯಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಬಾಯಲ್ಲಿ ಒಮ್ಮೆ ಹೇಳಿಕೊಂಡು ಓದಿ.

ಶುರು ಮಾಡುವ ಮುಂಚೆ ಬೇಕಾದ್ದು

ಮೇಲ್ ತೆರೆಯುವ ಮೊದಲು ನಾಲ್ಕು ಸಂಗತಿ ತಿಳಿದಿರಲಿ. ಕಾರ್ಯಕ್ರಮ ಕರೆದವರು ಯಾರು, ನೀವೋ ಅವರೋ? ಹೊಸ ದಿನ ಗೊತ್ತಾಗಿದೆಯೇ? ಎಷ್ಟು ಜನರ ಕೆಲಸ ಇದಕ್ಕೆ ತಗುಲಿಕೊಂಡಿದೆ? ಅವರು ಯಾವ ದೇಶದಲ್ಲಿದ್ದಾರೆ? ಹೊಸ ದಿನ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಆದರೆ ಯಾವತ್ತಿನೊಳಗೆ ತಿಳಿಸುತ್ತೀರಿ ಎಂದಾದರೂ ನಿಶ್ಚಯ ಮಾಡಿಕೊಳ್ಳಿ.

ಹಂತ 1: ಮೂರರಲ್ಲಿ ಯಾವುದು ಎಂದು ಗುರುತಿಸಿ

ಪೂರ್ತಿ ರದ್ದಾದರೆ ಕ್ಯಾನ್ಸಲ್ ಅಥವಾ ಕಾಲ್ ಆಫ್. ದಿನ ಬದಲಾದರೆ ಪೋಸ್ಟ್‌ಪೋನ್ ಅಥವಾ ರೀಶೆಡ್ಯೂಲ್. ಕಾರ್ಯಕ್ರಮ ನಡೆಯುತ್ತದೆ, ನೀವು ಮಾತ್ರ ಹೋಗುತ್ತಿಲ್ಲ ಅಂದರೆ ‘ಐ ಕಾಂಟ್ ಮೇಕ್ ಇಟ್’.

2020ರ ಕೊರೊನಾ ವರ್ಷವನ್ನು ನೆನಪಿಸಿಕೊಂಡರೆ ಮೊದಲ ಎರಡರ ನಡುವಿನ ಗೆರೆ ಸ್ಪಷ್ಟವಾಗುತ್ತದೆ. ಟೋಕಿಯೊ ಒಲಿಂಪಿಕ್ಸ್ ಆ ವರ್ಷ ಪೋಸ್ಟ್‌ಪೋನ್ ಆಯಿತು, 2021ರ ಜುಲೈ 23ರಂದು ಶುರುವಾಯಿತು. ಅದೇ 2020ರ ವಿಂಬಲ್ಡನ್ ಕ್ಯಾನ್ಸಲ್ ಆಯಿತು. ಆ ವರ್ಷದ ವಿಂಬಲ್ಡನ್ ಆಮೇಲೆ ಎಂದೂ ನಡೆಯಲಿಲ್ಲ. ಪತ್ರಿಕೆಗಳು ಈ ಎರಡು ಪದಗಳನ್ನು ಅದಲುಬದಲು ಮಾಡಲಿಲ್ಲ, ಮಾಡಿದ್ದರೆ ಟಿಕೆಟ್ ಇಟ್ಟುಕೊಂಡವರು ಗೊಂದಲಕ್ಕೆ ಬೀಳುತ್ತಿದ್ದರು.

ಎಚ್ಚರಿಕೆ: ಇನ್ನೊಬ್ಬರು ಕರೆದ ಮೀಟಿಂಗನ್ನು ನೀವು ಕ್ಯಾನ್ಸಲ್ ಮಾಡಲು ಬರುವುದಿಲ್ಲ. ‘ಟುಡೇಸ್ ಮೀಟಿಂಗ್ ಈಸ್ ಕ್ಯಾನ್ಸಲ್ಡ್ ಫಾರ್ ಮಿ’ ಎಂದು ಬರೆಯುವವರಿದ್ದಾರೆ. ಓದಿದವರಲ್ಲಿ ಒಬ್ಬಿಬ್ಬರಾದರೂ ಮೀಟಿಂಗೇ ಇಲ್ಲ ಎಂದುಕೊಂಡು ಹಾಜರಾಗುವುದಿಲ್ಲ. ಔಟ್‌ಲುಕ್ ಕ್ಯಾಲೆಂಡರನ್ನೇ ನೋಡಿ: ಕರೆದವರಿಗೆ ‘ಕ್ಯಾನ್ಸಲ್’ ಬಟನ್ ಇರುತ್ತದೆ, ಕರೆಸಿಕೊಂಡವರಿಗೆ ‘ಡಿಕ್ಲೈನ್’ ಬಟನ್. ಬರೆಯುವಾಗಲೂ ಹಾಗೇ.

ಹಂತ 2: ಪೂರ್ತಿ ರದ್ದಾಗಿದ್ದರೆ ಸರಿಯಾದ ಪದ ಆರಿಸಿ

ಕ್ಯಾನ್ಸಲ್ ಎಲ್ಲ ಕಡೆ ಸಲ್ಲುವ ಪದ. ಅನುಮಾನ ಬಂದಾಗ ಅದನ್ನೇ ಬಳಸಿ, ತಪ್ಪಾಗುವುದಿಲ್ಲ.

ಕಾಲ್ ಆಫ್ ಹಾಗಲ್ಲ. ಜನ ಸೇರಿ ನಡೆಸುವ, ನಡೆಯಬೇಕೆಂದು ಗೊತ್ತಾಗಿರುವ ಅಥವಾ ಆಗಲೇ ನಡೆಯುತ್ತಿರುವ ಸಂಗತಿಗಳಿಗೆ ಮಾತ್ರ ಅದು ಹೊಂದುತ್ತದೆ: ಮದುವೆ, ಪಂದ್ಯ, ಮುಷ್ಕರ, ಬಂದ್, ಶೋಧಕಾರ್ಯ, ಮಾತುಕತೆ. ಶಾಲೆಯ ಇತಿಹಾಸ ಪಾಠ ನೆನಪಿದೆಯೇ? ಚೌರಿಚೌರಾ ಘಟನೆಯ ನಂತರ 1922ರ ಫೆಬ್ರುವರಿಯಲ್ಲಿ ಗಾಂಧೀಜಿ ಅಸಹಕಾರ ಚಳವಳಿಯನ್ನು ಹಿಂತೆಗೆದುಕೊಂಡರು. ಇಂಗ್ಲಿಷ್ ಪುಸ್ತಕಗಳಲ್ಲಿ ಆ ಜಾಗದಲ್ಲಿ ‘ಕಾಲ್ಡ್ ಆಫ್’ ಎಂದೇ ಇರುತ್ತದೆ. ಚಳವಳಿ ಆಗ ನಡೆಯುತ್ತಿತ್ತು, ನಿಲ್ಲಿಸುವ ಅಧಿಕಾರವಿದ್ದವರು ನಿಲ್ಲಿಸಿದರು. ಇಂಥ ಕಡೆ ಕ್ಯಾನ್ಸಲ್ ಅಂದರೆ ಕಿವಿಗೆ ಒಗ್ಗುವುದಿಲ್ಲ.

ವಸ್ತುಗಳಿಗೆ ಮತ್ತು ಕಾಗದಪತ್ರಗಳಿಗೆ ಕಾಲ್ ಆಫ್ ಬರುವುದಿಲ್ಲ. ರೈಲು ಟಿಕೆಟ್, ಹೋಟೆಲ್ ಬುಕಿಂಗ್, ಆರ್ಡರ್, ರಜೆ, ಚಂದಾ, ಕ್ರೆಡಿಟ್ ಕಾರ್ಡ್ ಎಲ್ಲವೂ ಕ್ಯಾನ್ಸಲ್. ಬ್ಯಾಂಕಿನವರು ‘ಕ್ಯಾನ್ಸಲ್ಡ್ ಚೆಕ್’ ಕೇಳುತ್ತಾರೆ, ‘ಕಾಲ್ಡ್ ಆಫ್ ಚೆಕ್’ ಅನ್ನುವುದು ಇಲ್ಲವೇ ಇಲ್ಲ. ಡಾಕ್ಟರ ಅಪಾಯಿಂಟ್‌ಮೆಂಟಿಗೂ ಕ್ಯಾನ್ಸಲ್ ಅನ್ನುವುದೇ ವಾಡಿಕೆ. ನಿಶ್ಚಿತಾರ್ಥ ಮುರಿದುಬಿದ್ದರೆ ‘ಬ್ರೋಕ್ ಆಫ್ ದಿ ಎಂಗೇಜ್‌ಮೆಂಟ್’, ಮದುವೆ ನಿಂತರೆ ‘ಕಾಲ್ಡ್ ಆಫ್ ದಿ ವೆಡಿಂಗ್’.

ಯಾರೂ ರದ್ದು ಮಾಡಲಿಲ್ಲ, ತಾನಾಗಿಯೇ ಕೈಗೂಡದೆ ಹೋಯಿತು ಅನ್ನಬೇಕಾದಾಗ ‘ಫಾಲ್ ಥ್ರೂ’ ಇದೆ. ‘ಅವರ್ ಕೂರ್ಗ್ ಪ್ಲಾನ್ ಫೆಲ್ ಥ್ರೂ’ ಅಂದರೆ ಕೊಡಗಿನ ಪ್ರವಾಸ ಕೈಗೂಡಲಿಲ್ಲ, ಯಾರ ಮೇಲೂ ತಪ್ಪು ಹೊರಿಸಿದಂತಲ್ಲ. ಯಾರನ್ನೂ ನೋಯಿಸದ ಈ ಮಾತನ್ನು ನಮ್ಮವರು ಬಳಸುವುದು ಕಡಿಮೆ, ರೂಢಿಸಿಕೊಳ್ಳಿ ಎಂಬುದು ನನ್ನ ಸಲಹೆ. ಯೋಜನೆ ರದ್ದೂ ಆಗದೆ ಮುಂದೂ ಹೋಗದೆ ನನೆಗುದಿಗೆ ಬಿದ್ದಿದ್ದರೆ ‘ಆನ್ ಹೋಲ್ಡ್’. ಸದ್ಯಕ್ಕೆ ಕೈಗೆತ್ತಿಕೊಳ್ಳುವುದೇ ಇಲ್ಲ ಅಂತಾದರೆ ‘ಶೆಲ್ವ್ಡ್’.

ಕ್ರಿಕೆಟ್ ನೋಡುವವರಿಗೆ ಇನ್ನೆರಡು ಪದ ಸುಲಭವಾಗಿ ಹತ್ತುತ್ತವೆ. 2025ರ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಸಂಘರ್ಷದಿಂದಾಗಿ ಐಪಿಎಲ್ ಅರ್ಧಕ್ಕೆ ನಿಂತಿತು. ಅದಕ್ಕೆ ‘ಸಸ್ಪೆಂಡೆಡ್’, ಅಂದರೆ ತಾತ್ಕಾಲಿಕ ತಡೆ, ಮತ್ತೆ ಶುರುವಾಗುತ್ತದೆ. ಮೇ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮತ್ತೆ ಶುರುವಾಗಬೇಕಿತ್ತು, ಆದರೆ ಬೆಂಗಳೂರು–ಕೋಲ್ಕತ್ತ ಪಂದ್ಯ ಮಳೆಯಲ್ಲಿ ಟಾಸ್ ಕೂಡ ಆಗದೆ ಕೊಚ್ಚಿಹೋಯಿತು. ಅದು ‘ಅಬಾಂಡನ್ಡ್’: ಮಾಡಲು ಹೊರಟು ಪರಿಸ್ಥಿತಿ ಬಿಡದೆ ಕೈಬಿಟ್ಟದ್ದು. ಆಫೀಸಿನ ಮೀಟಿಂಗಿಗೆ ಅಬಾಂಡನ್ ಬಳಸಬೇಡಿ, ಭಾರವಾಗುತ್ತದೆ.

ಸ್ಪೆಲಿಂಗ್ ವಿಚಾರ ಒಂದೇ ಸಾಲಿನಲ್ಲಿ: ಕ್ಯಾನ್ಸಲ್ಡ್ ಎಂಬಲ್ಲಿ ಭಾರತ ಮತ್ತು ಬ್ರಿಟನ್ನಿನ ರೂಢಿಯಂತೆ ಎರಡು ಎಲ್, ಅಮೆರಿಕದ ರೂಢಿಯಂತೆ ಒಂದು ಎಲ್, ಕ್ಯಾನ್ಸಲೇಶನ್‌ಗೆ ಎರಡೂ ಕಡೆ ಎರಡೇ.

ಹಂತ 3: ದಿನ ಬದಲಾದರೆ ದಿಕ್ಕು ನೋಡಿಕೊಳ್ಳಿ

ಕನ್ನಡಿಗರು ಹೆಚ್ಚು ಎಡವುವ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ನಮಗೆ ಬರಲಿರುವ ಕಾಲ ಮುಂದಿದೆ. ಮುಂದಿನ ವಾರ, ಮುಂದಿನ ತಿಂಗಳು. ಹಾಗಾಗಿ ಕೆಲಸವನ್ನು ತಡವಾದ ದಿನಕ್ಕೆ ಕಳಿಸುವುದು ‘ಮುಂದೂಡುವುದು’, ‘ಮುಂದಕ್ಕೆ ಹಾಕುವುದು’. ಇದನ್ನೇ ಪದಕ್ಕೆ ಪದ ಇಂಗ್ಲಿಷಿಗೆ ತಂದರೆ ‘ಪುಶ್ ಫಾರ್ವರ್ಡ್’, ‘ಮೂವ್ ಫಾರ್ವರ್ಡ್’ ಆಗುತ್ತದೆ. ಇಂಗ್ಲಿಷಿನಲ್ಲಿ ತಡ ಮಾಡುವುದಕ್ಕೆ ಇರುವ ಮಾತು ತದ್ವಿರುದ್ಧ: ‘ಪುಶ್ ಬ್ಯಾಕ್’. ಬೇಗ ಮಾಡುವುದಕ್ಕೆ ‘ಬ್ರಿಂಗ್ ಫಾರ್ವರ್ಡ್’. ಸೋಮವಾರದ ಮೀಟಿಂಗನ್ನು ಬುಧವಾರಕ್ಕೆ ಹಾಕಿದರೆ ‘ವಿ ಹ್ಯಾವ್ ಪುಶ್ಡ್ ಇಟ್ ಬ್ಯಾಕ್ ಟು ವೆನ್ಸ್‌ಡೇ’. ಬುಧವಾರದ್ದನ್ನು ಸೋಮವಾರಕ್ಕೆ ತಂದರೆ ‘ವಿ ಹ್ಯಾವ್ ಬ್ರಾಟ್ ಇಟ್ ಫಾರ್ವರ್ಡ್ ಟು ಮಂಡೇ’. ಅಮೆರಿಕದವರು ಈ ಎರಡನೆಯದಕ್ಕೆ ‘ಮೂವ್ಡ್ ಅಪ್’ ಅಂತಲೂ ಅನ್ನುತ್ತಾರೆ.

ಗೊಂದಲ ನಮಗಷ್ಟೇ ಅಲ್ಲ ಅನ್ನುವುದು ಸಮಾಧಾನದ ಸಂಗತಿ. ‘ಮುಂದಿನ ಬುಧವಾರದ ಮೀಟಿಂಗ್ ಎರಡು ದಿನ ಮೂವ್ಡ್ ಫಾರ್ವರ್ಡ್ ಆಗಿದೆ, ಈಗ ಅದು ಯಾವ ದಿನ?’ ಎಂದು ಇಂಗ್ಲಿಷ್ ಮನೆಮಾತಿನವರನ್ನೇ ಕೇಳಿದ ಪ್ರಯೋಗಗಳು ಮನಶ್ಶಾಸ್ತ್ರದಲ್ಲಿ ಹೆಸರಾಗಿವೆ. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ. ಹಾಗಾಗಿ ‘ಮೂವ್ ಫಾರ್ವರ್ಡ್’ ಅನ್ನುವ ಮಾತನ್ನು ದಿನಾಂಕದ ವಿಷಯದಲ್ಲಿ ಬಿಟ್ಟೇಬಿಡಿ. ಚೀನೀ ಭಾಷೆಯಲ್ಲಿ ತಡ ಮಾಡುವುದಕ್ಕೆ ‘ಹಿಂದಕ್ಕೆ ತಳ್ಳು’ ಎಂಬರ್ಥದ ಮಾತೇ ಇರುವುದರಿಂದ ಶೆನ್‌ಝೆನ್‌ನ ಸಪ್ಲೈಯರಿಗೆ ಪುಶ್ ಬ್ಯಾಕ್ ಸಲೀಸು. ಅವರ ಜೊತೆ ವ್ಯವಹರಿಸುವ ಬೆಂಗಳೂರಿನವರು ‘ಪುಶ್ ಫಾರ್ವರ್ಡ್’ ಎಂದು ಬರೆದರೆ ಸರಕು ಕಳಿಸುವ ದಿನವೇ ಉಲ್ಟಾ ಆಗಬಹುದು.

ದಿಕ್ಕಿನ ರಗಳೆಯೇ ಬೇಡ ಅನ್ನುವವರಿಗೆ ಪೋಸ್ಟ್‌ಪೋನ್ ಇದೆ, ಅದಕ್ಕೆ ತಡ ಅನ್ನುವ ಒಂದೇ ಅರ್ಥ. ಆಡುಮಾತಿನಲ್ಲಿ ಅದೇ ‘ಪುಟ್ ಆಫ್’. ಬೇಗವೋ ತಡವೋ ಹೇಳದೆ ಬರೀ ದಿನ ಬದಲಾಗಿದೆ ಅನ್ನಲು ‘ರೀಶೆಡ್ಯೂಲ್’. ಮೇಲ್‌ನಲ್ಲಿ ನನಗೆ ಹೆಚ್ಚು ಹಿಡಿಸುವುದು ಇದೇ.

ಪ್ರೀಪೋನ್ ತಪ್ಪು ಪದವಲ್ಲ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಡನೆ ಜಾಗ ಪಡೆದಿದೆ. ಚೆನ್ನೈ, ಪುಣೆ, ದೆಹಲಿಯವರಿಗೆ ಧಾರಾಳವಾಗಿ ಬರೆಯಿರಿ. ಬ್ರಿಟನ್, ಅಮೆರಿಕದವರಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಅನ್ನಿ, ಅಲ್ಲಿನ ಬಹಳಷ್ಟು ಜನ ಪ್ರೀಪೋನ್ ಕೇಳಿರುವುದೇ ಇಲ್ಲ.

ಟು, ಬೈ, ಅಂಟಿಲ್ ಈ ಮೂರನ್ನು ಬೆರೆಸಬೇಡಿ. ‘ಪೋಸ್ಟ್‌ಪೋನ್ಡ್ ಟು ಫ್ರೈಡೇ’ ಅಂದರೆ ಶುಕ್ರವಾರಕ್ಕೆ. ‘ಪೋಸ್ಟ್‌ಪೋನ್ಡ್ ಬೈ ಟೂ ಡೇಸ್’ ಅಂದರೆ ಎರಡು ದಿನದಷ್ಟು. ‘ಪೋಸ್ಟ್‌ಪೋನ್ಡ್ ಅಂಟಿಲ್ ಫ್ರೈಡೇ’ ಅಂದರೆ ಶುಕ್ರವಾರದವರೆಗೆ ತಡೆದು ಆಗ ಮಾಡುವುದು. ‘ಪೋಸ್ಟ್‌ಪೋನ್ಡ್ ಟು ಟೂ ಡೇಸ್’ ಎಂದು ಬರೆದರೆ ಅರ್ಥವೇ ಕೂಡುವುದಿಲ್ಲ.

ದಿನಾಂಕ ಬರೆಯುವ ರೀತಿಯಲ್ಲೂ ಜೋಪಾನ. 5/6 ಎಂದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ‘ನೆಕ್ಸ್ಟ್ ಫ್ರೈಡೇ’ ಅಂದರೆ ಕೆಲವರಿಗೆ ಈ ವಾರದ ಶುಕ್ರವಾರ, ಕೆಲವರಿಗೆ ಅದರಾಚೆಯದ್ದು. ವಾರದ ಜೊತೆ ತಾರೀಖನ್ನೂ ಸೇರಿಸಿ. ಅಮೆರಿಕದ ಜೊತೆ ವಾರಕ್ಕೊಮ್ಮೆ ಕರೆ ಇದ್ದವರು ಮಾರ್ಚ್ ಮತ್ತು ನವೆಂಬರ್ ತಿಂಗಳಲ್ಲಿ ಎಚ್ಚರವಾಗಿರಿ. ಅಲ್ಲಿ ಗಡಿಯಾರವನ್ನು ಮಾರ್ಚಿನ ಎರಡನೇ ಭಾನುವಾರ ಒಂದು ಗಂಟೆ ಮುಂದಿಟ್ಟು, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ನ್ಯೂಯಾರ್ಕಿಗೂ ನಮಗೂ ಇರುವ ಅಂತರ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ.

‘ಟೇಬಲ್’ ಎಂಬ ಕ್ರಿಯಾಪದ ಎದುರಾದರೆ ಬರೆದವರು ಯಾವ ದೇಶದವರು ಎಂದು ನೋಡಿ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ಟೇಬಲ್ ಮಾಡುವುದೆಂದರೆ ಚರ್ಚೆಗೆ ಇಡುವುದು, ಅಮೆರಿಕದಲ್ಲಿ ಚರ್ಚೆಯನ್ನು ಬದಿಗಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಒಂದು ಪದದಿಂದ ಎರಡೂ ಕಡೆಯ ಸೇನಾಧಿಕಾರಿಗಳು ಬಹಳ ಹೊತ್ತು ಕಾವೇರಿ ವಾದ ಮಾಡಿದ್ದನ್ನು ಚರ್ಚಿಲ್ ಬರೆದಿಟ್ಟಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಆಗಿತ್ತು.

ಹಂತ 4: ನೀವೊಬ್ಬರೇ ಹೋಗುತ್ತಿಲ್ಲ ಅಂದರೆ

‘ಐ ಆಮ್ ನಾಟ್ ಕಮಿಂಗ್’ ವ್ಯಾಕರಣದ ಪ್ರಕಾರ ಸರಿ, ಆದರೆ ಮುಖಕ್ಕೆ ಬಾಗಿಲು ಹಾಕಿದಂತಿರುತ್ತದೆ. ನಿರ್ಧಾರ ನನ್ನದು, ನನಗೆ ಮನಸ್ಸಿಲ್ಲ ಅನ್ನುವ ಧ್ವನಿ ಅದರಲ್ಲಿದೆ. ‘ಐ ವೋಂಟ್ ಬಿ ಏಬಲ್ ಟು ಮೇಕ್ ಇಟ್’ ಅಂದರೆ ಬರುವ ಮನಸ್ಸಿತ್ತು, ಆಗುತ್ತಿಲ್ಲ ಎಂದಾಗುತ್ತದೆ. ‘ಬರಲ್ಲ’ ಮತ್ತು ‘ಬರೋಕಾಗಲ್ಲ’ ಇವುಗಳ ನಡುವೆ ಇರುವ ವ್ಯತ್ಯಾಸವೇ ಇದು.

ಒಪ್ಪಿಕೊಂಡು ಆಮೇಲೆ ಹಿಂದೆ ಸರಿದರೆ ‘ಬ್ಯಾಕ್ ಔಟ್’. ಇದರಲ್ಲಿ ಸ್ವಲ್ಪ ದೂರು ಇದೆ, ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳಬೇಡಿ. ಟೂರ್ನಿ, ಒಪ್ಪಂದ, ಸಮ್ಮೇಳನಗಳಿಂದ ಹೊರಬಂದರೆ ‘ಪುಲ್ ಔಟ್’, ಇದು ನಿರ್ಲಿಪ್ತ ಮಾತು. ಗೆಳೆಯರ ನಡುವೆ ‘ಬೇಲ್’ ಮತ್ತು ‘ಫ್ಲೇಕ್’ ಓಡಾಡುತ್ತವೆ. ‘ಹಿ ಬೇಲ್ಡ್ ಆನ್ ಅಸ್’ ಅಂದರೆ ಕೊನೇ ಗಳಿಗೆಯಲ್ಲಿ ಕೈಕೊಟ್ಟ. ಫ್ಲೇಕ್ ಅಂದರೆ ಪದೇಪದೇ ಹೀಗೇ ಮಾಡುವ ಸ್ವಭಾವ. ಎರಡೂ ಮೇಲಧಿಕಾರಿಗೆ ಬರೆಯುವ ಮಾತಲ್ಲ.

ಹೇಳದೆ ಕೇಳದೆ ಬಾರದಿದ್ದರೆ ‘ಸ್ಟ್ಯಾಂಡ್ ಅಪ್’. ‘ಶಿ ಸ್ಟುಡ್ ಮಿ ಅಪ್’ ಅಂದರೆ ನಾನು ಕಾದೆ, ಅವಳು ಬರಲೇ ಇಲ್ಲ. ಎದ್ದು ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಚೀನೀಯರು ಇದನ್ನೇ ‘ಪಾರಿವಾಳ ಹಾರಿಬಿಟ್ಟರು’ ಅನ್ನುತ್ತಾರೆ, ಅಲ್ಲಿನ ಸಹೋದ್ಯೋಗಿ ಇಂಗ್ಲಿಷಿನಲ್ಲಿ ಪಾರಿವಾಳದ ಮಾತೆತ್ತಿದರೆ ತಬ್ಬಿಬ್ಬಾಗಬೇಡಿ. ಆಸ್ಪತ್ರೆ, ಹೋಟೆಲ್, ವಿಮಾನ ಸಂಸ್ಥೆಯವರ ಭಾಷೆಯಲ್ಲಿ ತಿಳಿಸದೆ ಗೈರಾದವರು ‘ನೋ ಶೋ’. ಟಿಕೆಟ್ ನಿಯಮಗಳಲ್ಲಿ ಈ ಪದ ಕಂಡರೆ ನಿಂತು ಓದಿ, ಕ್ಯಾನ್ಸಲ್ ಮಾಡಿದವರಿಗೆ ಸಿಗುವ ಹಣ ನೋ ಶೋ ಆದವರಿಗೆ ಹೆಚ್ಚಾಗಿ ಸಿಗುವುದಿಲ್ಲ.

ಈಗ ಒಂದು ಸೂಕ್ಷ್ಮ. ಕರೆದವರ ಮನಸ್ಸು ನೋಯಿಸಬಾರದೆಂದು ನಾವು ‘ನೋಡೋಣ’, ‘ಟ್ರೈ ಮಾಡ್ತೀನಿ’ ಅಂದುಬಿಡುತ್ತೇವೆ. ಹೇಳಿದವರಿಗೂ ಕೇಳಿದವರಿಗೂ ಅದು ಇಲ್ಲ ಎಂದೇ ಗೊತ್ತು. ಅದನ್ನು ‘ಐ ವಿಲ್ ಟ್ರೈ’ ಎಂದು ಬ್ರಿಟನ್ನಿನವರಿಗೋ ಜರ್ಮನಿಯವರಿಗೋ ಬರೆದರೆ ಅವರು ನಿಮಗಾಗಿ ಕುರ್ಚಿ ಹಾಕಿಸಿ, ಊಟ ಹೇಳಿ ಕಾಯುತ್ತಾರೆ. ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ನಿಜವಾಗಿಯೂ ಗೊತ್ತಿಲ್ಲದಿದ್ದರೆ ‘ಐ ಆಮ್ ಎ ಮೇಬಿ, ಐ ವಿಲ್ ಕನ್ಫರ್ಮ್ ಬೈ ಥರ್ಸ್‌ಡೇ’ ಅನ್ನಿ. ಆಗುವುದಿಲ್ಲ ಎಂದು ಗೊತ್ತಿದ್ದರೆ ಇವತ್ತೇ ಹೇಳಿ. ಅದರಿಂದ ಅವರಿಗೆ ಬೇಸರವಾಗುವುದಿಲ್ಲ, ಅನುಕೂಲವೇ ಆಗುತ್ತದೆ.

ಹಂತ 5: ಪದವನ್ನು ಸರಿಯಾದ ಜಾಗದಲ್ಲಿಡಿ

ಎರಡೇ ನಿಯಮ. ಮೊದಲನೆಯದು: ಕಾಲ್ ಆಫ್, ಪುಟ್ ಆಫ್, ಪುಶ್ ಬ್ಯಾಕ್ ಇಂಥ ಜೋಡಿ ಪದಗಳ ಜೊತೆ ಇಟ್, ದೆಮ್ ಥರದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು. ‘ಕಾಲ್ ಇಟ್ ಆಫ್’ ಸರಿ, ‘ಕಾಲ್ ಆಫ್ ಇಟ್’ ತಪ್ಪು. ಹೆಸರನ್ನೇ ಹೇಳುವುದಾದರೆ ಎರಡೂ ಕಡೆ ಇಡಬಹುದು: ‘ಕಾಲ್ ಆಫ್ ದಿ ಟ್ರಿಪ್’, ‘ಕಾಲ್ ದಿ ಟ್ರಿಪ್ ಆಫ್’. ಬ್ಯಾಕ್ ಔಟ್, ಪುಲ್ ಔಟ್‌ಗಳಿಗೆ ಈ ನಿಯಮ ಇಲ್ಲ, ಯಾವುದರಿಂದ ಎಂದು ಹೇಳುವಾಗ ಅವಕ್ಕೆ ಒಂದೇ ಎಫ್ ಇರುವ ‘ಆಫ್’ (of) ಎಂಬ ಸಂಬಂಧ ಪದ ಬೇಕು: ‘ಬ್ಯಾಕ್ಡ್ ಔಟ್ ಆಫ್ ದಿ ಡೀಲ್’.

ಎರಡನೆಯದು ‘ಆಗಿದೆ’ ತರುವ ತಪ್ಪು. ‘ಮೀಟಿಂಗ್ ಕ್ಯಾನ್ಸಲ್ ಆಗಿದೆ’ ಎಂದು ಮನಸ್ಸಿನಲ್ಲಿ ಬಂದದ್ದು ಕೈಯಲ್ಲಿ ‘ಮೀಟಿಂಗ್ ಈಸ್ ಕ್ಯಾನ್ಸಲ್’ ಆಗಿ ಇಳಿಯುತ್ತದೆ. ಕೊನೆಯ ‘ಡ್’ ಬಿಡಬೇಡಿ: ‘ಹ್ಯಾಸ್ ಬೀನ್ ಕ್ಯಾನ್ಸಲ್ಡ್’. ಈಗಷ್ಟೇ ಆದ, ಓದುವವರಿಗೆ ಹೊಸದಾದ ಸುದ್ದಿಗೆ ‘ಹ್ಯಾಸ್ ಬೀನ್’ ಹೊಂದುತ್ತದೆ. ನಿನ್ನೆಯೇ ಎಂದು ದಿನ ಹೇಳುವುದಾದರೆ ‘ವಾಸ್ ಕ್ಯಾನ್ಸಲ್ಡ್ ಯೆಸ್ಟರ್‌ಡೇ’.

ಹಂತ 6: ಕಾರಣ ಎಷ್ಟು ಹೇಳಬೇಕು

ಒಂದು ಸಾಲು ಸಾಕು. ಮನೆಯ ವಿಚಾರವನ್ನೆಲ್ಲ ಬಿಚ್ಚಿಟ್ಟರೆ ನಂಬಿಕೆ ಹೆಚ್ಚುವುದಿಲ್ಲ, ಓದುವವರಿಗೆ ಮುಜುಗರವಾಗುತ್ತದೆ. ‘ಸಮ್‌ಥಿಂಗ್ ಹ್ಯಾಸ್ ಕಮ್ ಅಪ್’ ಅಂದರೆ ಅನಿರೀಕ್ಷಿತವಾಗಿ ಏನೋ ಬಂತು. ಇದನ್ನು ಹೇಳಿದರೆ ಏನು ಬಂತು ಎಂದು ಕೇಳುವ ಪದ್ಧತಿ ಇಲ್ಲ. ಒಂದೇ ಹೊತ್ತಿಗೆ ಎರಡು ಕಡೆ ಒಪ್ಪಿಕೊಂಡಿದ್ದರೆ ‘ಐ ಆಮ್ ಡಬಲ್ ಬುಕ್ಡ್’. ಮೊದಲೇ ಮಾತು ಕೊಟ್ಟಿದ್ದರೆ ‘ಐ ಹ್ಯಾವ್ ಎ ಪ್ರೈಯರ್ ಕಮಿಟ್‌ಮೆಂಟ್’. ಮೈಗೆ ಹುಷಾರಿಲ್ಲದಿದ್ದರೆ ‘ಐ ಆಮ್ ಅಂಡರ್ ದಿ ವೆದರ್’, ಇದು ನೆಗಡಿ, ಜ್ವರದಂಥ ಸಣ್ಣ ಕಾಯಿಲೆಗೆ. ಆಸ್ಪತ್ರೆ ಸೇರಿದವರಿಗೆ ಈ ಮಾತು ಹಗುರವಾಗುತ್ತದೆ.

‘ಸಮ್ ವರ್ಕ್ ಈಸ್ ದೇರ್’ ನಮ್ಮ ‘ಸ್ವಲ್ಪ ಕೆಲಸ ಇದೆ’ಯ ನೇರ ಅನುವಾದ, ಹೊರಗಿನವರಿಗೆ ಅದು ಉಡಾಫೆಯಂತೆ ಕೇಳುತ್ತದೆ. ‘ಔಟ್ ಆಫ್ ಸ್ಟೇಶನ್’ ಭಾರತದೊಳಗೆ ನಡೆಯುತ್ತದೆ, ಹೊರಗೆ ‘ಔಟ್ ಆಫ್ ಟೌನ್’. ಮನೆಯಲ್ಲಿ ಸಾವಾಗಿದ್ದರೆ ‘ದೇರ್ ಹ್ಯಾಸ್ ಬೀನ್ ಎ ಡೆತ್ ಇನ್ ದಿ ಫ್ಯಾಮಿಲಿ’ ಎಂದಷ್ಟೇ ಬರೆಯಿರಿ. ಸೂತಕ, ವೈಕುಂಠ ಸಮಾರಾಧನೆ ವಿವರಿಸುವ ಹೊರೆ ಆ ಹೊತ್ತಿನಲ್ಲಿ ನಿಮ್ಮ ಮೇಲಿಲ್ಲ, ಎಷ್ಟು ದಿನ ಇರುವುದಿಲ್ಲ ಅನ್ನುವುದನ್ನು ಮಾತ್ರ ಹೇಳಿ. ಸುಳ್ಳು ಕಾರಣ ಬೇಡ. ಕಾರಣ ಹೇಳಲು ಇಷ್ಟವಿಲ್ಲದಿದ್ದರೆ ‘ಪರ್ಸನಲ್ ರೀಸನ್ಸ್’ ಅನ್ನುವ ಎರಡು ಪದಕ್ಕೆ ಸಾಕಷ್ಟು ಗೌರವವಿದೆ.

ಹಂತ 7: ಈಗ ಬರೆಯಿರಿ

ವಾಟ್ಸಾಪ್‌ನಲ್ಲಿ ದಿನಾ ಓಡಾಡುವಂಥ ಒಂದು ಸಂದೇಶ ತೆಗೆದುಕೊಳ್ಳೋಣ:

‘ಸರ್, ಟುಡೇಸ್ ಮೀಟಿಂಗ್ ಈಸ್ ಕ್ಯಾನ್ಸಲ್. ಸಮ್ ವರ್ಕ್ ಈಸ್ ದೇರ್. ವಿಲ್ ಮೀಟ್ ಆಫ್ಟರ್ ಟೂ ಡೇಸ್. ಪ್ಲೀಸ್ ಅಡ್ಜಸ್ಟ್ ಅಂಡ್ ರಿವರ್ಟ್.’

ಬರೆದವರಿಗೆ ಬೇಕಾಗಿರುವುದು ದಿನ ಬದಲಾವಣೆ, ಆದರೆ ಮೊದಲ ಸಾಲು ರದ್ದು ಅನ್ನುತ್ತಿದೆ. ಎಷ್ಟು ಗಂಟೆಯ ಮೀಟಿಂಗ್ ಎಂದು ಹೇಳಿಲ್ಲ, ಓದುವವರಿಗೆ ಅಂದು ನಾಲ್ಕು ಮೀಟಿಂಗ್ ಇರಬಹುದು. ‘ಆಫ್ಟರ್ ಟೂ ಡೇಸ್’ ಅಂದರೆ ನಾಡಿದ್ದೋ, ಅದರಾಚೆ ಎಂದಾದರೂ ಒಂದು ದಿನವೋ ತಿಳಿಯುವುದಿಲ್ಲ. ‘ಅಡ್ಜಸ್ಟ್’ ನಮ್ಮ ಬಸ್ಸಿನ ಸೀಟಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಪದ, ಹೊರಗಿನವರಿಗೆ ಏನನ್ನು ಅಡ್ಜಸ್ಟ್ ಮಾಡಬೇಕೆಂದು ಗೊತ್ತಾಗುವುದಿಲ್ಲ. ‘ರಿವರ್ಟ್’ ಇನ್ನೂ ಅಪಾಯ. ನಮ್ಮಲ್ಲಿ ಅದು ಉತ್ತರ ಕೊಡಿ ಎಂದಾದರೆ, ಬ್ರಿಟನ್, ಅಮೆರಿಕದಲ್ಲಿ ಮೊದಲಿದ್ದ ಸ್ಥಿತಿಗೆ ಮರಳುವುದು. ದಿನ ಬದಲಿಸುವ ಸಂದೇಶದಲ್ಲೇ ಅದನ್ನು ಬರೆದರೆ ಹಳೆಯ ಸಮಯವನ್ನೇ ಉಳಿಸಿ ಎಂದು ಓದಿಕೊಳ್ಳಬಹುದು.

ಅದನ್ನೇ ಹೀಗೆ ಬರೆಯಿರಿ:

‘ಹಲೋ ಡೇವಿಡ್, ಐ ಆಮ್ ಸಾರಿ ಬಟ್ ಐ ನೀಡ್ ಟು ರೀಶೆಡ್ಯೂಲ್ ಅವರ್ ಫೋರ್ ಪಿಎಂ ಕಾಲ್ ಟುಡೇ. ಸಮ್‌ಥಿಂಗ್ ಅರ್ಜೆಂಟ್ ಹ್ಯಾಸ್ ಕಮ್ ಅಪ್ ಅಟ್ ದಿ ಪ್ಲಾಂಟ್. ವುಡ್ ಥರ್ಸ್‌ಡೇ, ಟ್ವೆಲ್ತ್ ಜೂನ್, ಅಟ್ ದಿ ಸೇಮ್ ಟೈಮ್ ವರ್ಕ್ ಫಾರ್ ಯೂ? ಇಫ್ ನಾಟ್, ಪ್ಲೀಸ್ ಸಜೆಸ್ಟ್ ಎ ಟೈಮ್ ದಟ್ ಸೂಟ್ಸ್ ಯೂ.’

ಕ್ರಮ ಗಮನಿಸಿ. ಕ್ಷಮೆ, ಏನು ಬದಲಾಗುತ್ತಿದೆ, ಯಾಕೆ, ಹೊಸ ಸಮಯ, ಅವರಿಗೂ ಆರಿಸಿಕೊಳ್ಳುವ ಅವಕಾಶ. ‘ವುಡ್’ ಎಂದು ಕೇಳಿದ್ದರಿಂದ ಇದು ಅಪ್ಪಣೆಯಾಗದೆ ವಿನಂತಿಯಾಗಿದೆ. ಕ್ಷಮೆ ಒಂದೇ ಸಲ ಸಾಕು, ನಾಲ್ಕು ಸಲ ಸಾರಿ ಬರೆದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಸಬ್ಜೆಕ್ಟ್ ಸಾಲಿನಲ್ಲಿ ‘ರೀಶೆಡ್ಯೂಲ್ಡ್’ ಅಥವಾ ‘ಕ್ಯಾನ್ಸಲ್ಡ್’ ಎಂಬ ಪದ ಮೊದಲು ಬರಲಿ, ಫೋನಿನ ಪರದೆಯಲ್ಲಿ ಅಷ್ಟೇ ಕಾಣುವುದು.

ಕಾರ್ಯಕ್ರಮಕ್ಕೆ ಕೆಲವೇ ಗಂಟೆ ಉಳಿದಿದ್ದರೆ ಮೇಲ್ ಸಾಲದು. ಫೋನ್ ಮಾಡಿ, ಆಮೇಲೆ ಬರಹದಲ್ಲಿ ಕಳಿಸಿ. ಅವರು ಆಗಲೇ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿರಬಹುದು. ಫೋನಿನಲ್ಲಿ ಶುರು ಮಾಡಲು ‘ಐ ಆಮ್ ಸೋ ಸಾರಿ ಟು ಡು ದಿಸ್ ಅಟ್ ಶಾರ್ಟ್ ನೋಟಿಸ್’ ಅನ್ನಿ. ಶಾರ್ಟ್ ನೋಟಿಸ್ ಅಂದರೆ ಮುನ್ಸೂಚನೆಗೆ ಸಮಯವಿಲ್ಲದೆ, ತರಾತುರಿಯಲ್ಲಿ.

ಹಂತ 8: ಅವರೇ ರದ್ದು ಮಾಡಿದಾಗ

ಬರೀ ‘ಓಕೆ’ ಎಂದು ಉತ್ತರಿಸಿದರೆ ಮುನಿಸಿಕೊಂಡಂತೆ ಕಾಣುತ್ತದೆ. ‘ನೋ ಪ್ರಾಬ್ಲಂ ಅಟ್ ಆಲ್, ಥ್ಯಾಂಕ್ಸ್ ಫಾರ್ ಲೆಟಿಂಗ್ ಮಿ ನೋ’ ಎಂದರೆ ಚೊಕ್ಕ. ಕಾಯಿಲೆಯ ಕಾರಣ ಕೊಟ್ಟಿದ್ದರೆ ‘ಐ ಹೋಪ್ ಯೂ ಫೀಲ್ ಬೆಟರ್ ಸೂನ್’ ಸೇರಿಸಿ.

ಅವರು ‘ಕೆನ್ ಐ ಟೇಕ್ ಎ ರೈನ್ ಚೆಕ್?’ ಅಂದರೆ ಈಗ ಬೇಡ, ಇನ್ನೊಮ್ಮೆ ಕರೆಯಿರಿ ಎಂದರ್ಥ. ಇದು 19ನೇ ಶತಮಾನದ ಅಮೆರಿಕದ ಬೇಸ್‌ಬಾಲ್ ಮೈದಾನದಿಂದ ಬಂದ ಮಾತು. ಮಳೆ ಬಂದು ಆಟ ನಿಂತರೆ ಪ್ರೇಕ್ಷಕರು ತಮ್ಮ ಚೀಟಿ ತೋರಿಸಿ ಇನ್ನೊಂದು ದಿನದ ಆಟ ನೋಡಬಹುದಿತ್ತು. ಆದರೆ ಇವತ್ತಿನ ಬಳಕೆಯಲ್ಲಿ ರೈನ್ ಚೆಕ್ ಹಲವು ಸಲ ನಯವಾದ ನಿರಾಕರಣೆಯೂ ಹೌದು. ಅವರು ದಿನ ಹೇಳದಿದ್ದರೆ ನೀವು ಒಂದು ಸಲ ಮಾತ್ರ ಕೇಳಿ: ‘ಶೂರ್, ಡಸ್ ಎನಿ ಡೇ ನೆಕ್ಸ್ಟ್ ವೀಕ್ ವರ್ಕ್?’ ಆಗಲೂ ದಿನ ಬರದಿದ್ದರೆ ಬಿಟ್ಟುಬಿಡಿ. ‘ಸಮ್ ಅದರ್ ಟೈಮ್’ ಅನ್ನುವುದನ್ನೂ ಹೀಗೇ ಓದಬೇಕು, ನಮ್ಮ ‘ಇನ್ನೊಂದ್ಸಲ ನೋಡೋಣ’ದ ಹಾಗೆ.

ಹೊಸ ದಿನ ಒಪ್ಪಿಗೆಯಾದ ಮೇಲೆ, ಕರೆದವರು ನೀವಾದರೆ, ಕ್ಯಾಲೆಂಡರಿನಲ್ಲಿ ಹಳೆಯ ಆಹ್ವಾನದ ಸಮಯವನ್ನೇ ತಿದ್ದಿ ‘ಸೆಂಡ್ ಅಪ್‌ಡೇಟ್’ ಒತ್ತಿ. ಹಳೆಯದನ್ನು ಹಾಗೇ ಬಿಟ್ಟು ಹೊಸದೊಂದನ್ನು ಕಳಿಸಿದರೆ ಎಲ್ಲರ ಕ್ಯಾಲೆಂಡರಿನಲ್ಲಿ ಎರಡೂ ಉಳಿಯುತ್ತವೆ, ಯಾರಾದರೂ ಒಬ್ಬರು ಹಳೆಯ ಹೊತ್ತಿಗೇ ಲಾಗಿನ್ ಆಗಿ ಒಬ್ಬರೇ ಕಾಯುತ್ತಾರೆ.